ಗೋಧಿ ಅಗಿದು ಮಣ್ಣು ಹೇಳುವ ಪುಟ್ಟಮಲ್ಲಮ್ಮ

ಬೆಳಗಿನ ಆರು ಗಂಟೆ. ಗುರುಪುರದ ಹಿಟ್ಟಿನ ಗಿರಣಿಯಲ್ಲಿ ಇನ್ನೂ ದೀಪ ಆರಿಸಿಲ್ಲ. ಪುಟ್ಟಮಲ್ಲಮ್ಮ ಮೂಟೆಯ ಮೇಲೆ ಕೂತು ಒಂದು ಚಿಟಿಕೆ ಗೋಧಿ ಬಾಯಿಗೆ ಹಾಕಿ ಅಗಿಯುತ್ತಾರೆ. ನುಂಗುವುದಿಲ್ಲ. ಐದು ನಿಮಿಷದ ಮೇಲೆ ಉಳಿದ ಅಂಟನ್ನು ಬೆರಳಲ್ಲಿ ಎಳೆದು ನೋಡುತ್ತಾರೆ. ಎಳೆ ಉದ್ದ ಬಂದರೆ ಮೂಟೆ ಒಳಗೆ, ಪಟ್ಟನೆ ತುಂಡಾದರೆ ಪಕ್ಕಕ್ಕೆ.

ಆ ಅಂಟೇ ಗೋಧಿಯ ಪ್ರೋಟೀನು. ಅದಿಲ್ಲದಿದ್ದರೆ ಪಕ್ಕದ ಟಿಬೆಟನ್ ಕ್ಯಾಂಪಿನವರು ಕೈಯಲ್ಲೇ ಎಳೆಯುವ ನೂಡಲ್ಸ್ ಬರುವುದಿಲ್ಲ. ಹಿಟ್ಟು ವಾಪಸ್ ಬರುತ್ತದೆ. ದಿನಕ್ಕೆ ಇಪ್ಪತ್ತು ಮೂಟೆ, ಹದಿನೆಂಟು ವರ್ಷದಿಂದ ಇದೇ ಕೆಲಸ. ಕಲ್ಲು ಕಚ್ಚಿ ಎರಡು ದವಡೆಹಲ್ಲು ಹೋಗಿವೆ. "ಉಳಿದವು ಅವೆಯಲ್ಲ, ಸಾಕು ಬುಡಿ," ಎಂದು ಈ ಐವತ್ತಾರರ ಹೆಂಗಸು ನಗುತ್ತಾರೆ.

ಅಗಿದ ಕಾಳು ಯಾವ ಮಣ್ಣಿನದೆಂದೂ ಹೇಳಬಲ್ಲರು. "ಎರೆಮಣ್ಣು ಗೊಬ್ಬರದ ಸಾರ ಇಡ್ಕಂಡು, ಕಾಳು ಬಲಿಯೋ ಗಂಟ ಕೊಡ್ತದೆ. ಕೆಂಪು ಗರಸು ಮಣ್ಣು ಅಂಗಲ್ಲ, ನೀರಿನ ಜೊತೇಲೇ ಎಲ್ಲಾನೂ ಬುಟ್ಬುಡ್ತದೆ. ಕಾಳು ದಪ್ಪ ಕಾಣ್ತದೆ, ಒಳಗೆ ಅಂಟೇ ಇರಲ್ಲ."

ಗ್ರಹಚಾರ ನೋಡಿ, ಅವರ ಸ್ವಂತ ಅರ್ಧ ಎಕರೆಯೇ ಕೆಂಪು ಗರಸು! ಹೋದ ವರ್ಷ ಆಸೆಪಟ್ಟು ಗೋಧಿ ಹಾಕಿದರು. ತಾವೇ ಅಗಿದರು, ಎಳೆ ತುಂಡಾಯಿತು, ತಾವೇ ಮೂಟೆಗಳನ್ನು ಪಕ್ಕಕ್ಕೆ ತಳ್ಳಿದರು. ಗಿರಣಿಯ ಮಾಲೀಕ ಪ್ರಭುಸ್ವಾಮಿ, "ಇರ್ಲಿ ಬುಡಕ್ಕ, ಬೆರೆಸ್ಕಂಡ್ರಾಯ್ತು" ಅಂದರೂ ಒಪ್ಪಲಿಲ್ಲ. "ನಮ್ದು ಅಂತ ಬಾಯಿ ಸುಳ್ಳು ಏಳೋದಾ?" ಆ ಸಂಜೆ ಬದುವಿನ ಮೇಲೆ ಕೂತು ಅತ್ತದ್ದನ್ನೂ ಮುಚ್ಚಿಡುವುದಿಲ್ಲ.

ಅತ್ತು ಸುಮ್ಮನಾಗುವ ಜೀವವಲ್ಲ ಅದು. ಬೇಸಿಗೆಯಲ್ಲಿ ಹೊಲದಲ್ಲಿ ಕುರಿಮಂದೆ ನಿಲ್ಲಿಸಿದರು, ಕೆರೆಯ ಹೂಳೆತ್ತಿದ ಗೋಡುಮಣ್ಣು ಹೊಡೆಸಿದರು, ಮುಂಗಾರಿಗೆ ಅಲಸಂದೆ ಬೆಳೆದು ಬಳ್ಳಿಯನ್ನು ಅಲ್ಲೇ ಉತ್ತರು. ಆಮೇಲೆ ಮತ್ತೆ ಗೋಧಿ ಬಿತ್ತಿದರು.

ಆ ಗೋಧಿ ಇವತ್ತು ಗಿರಣಿಗೆ ಬಂದಿದೆ. ಪುಟ್ಟಮಲ್ಲಮ್ಮನಿಗೆ ತಮ್ಮ ಬಾಯಿಯ ಮೇಲೇ ನಂಬಿಕೆಯಿಲ್ಲ. "ಆಸೆ ರುಚಿ ಕೆಡಿಸ್ತದೆ ಕಣಣ್ಣ. ಯಾರದು ಅಂತ ಏಳ್ದೇ ಕೊಡು," ಎಂದು ಕಣ್ಣು ಮುಚ್ಚುತ್ತಾರೆ. ಪ್ರಭುಸ್ವಾಮಿ ಮೂರು ಮೂಟೆಯಿಂದ ಒಂದೊಂದೇ ಚಿಟಿಕೆ ತೆಗೆದು ಅಂಗೈಗೆ ಹಾಕುತ್ತಾರೆ. ಮೊದಲನೆಯದು ಎಳೆಯುತ್ತಲೇ ತುಂಡಾಗುತ್ತದೆ. "ಇದೇ ನಮ್ದು," ಎನ್ನುವಾಗ ಮುಖ ಬಾಡುತ್ತದೆ. ಎರಡನೆಯದು ಪರವಾಗಿಲ್ಲ. ಮೂರನೆಯದರ ಎಳೆ ಬೆರಳುದ್ದ ಬರುತ್ತದೆ. "ಆಹಾ! ಇದು ಸಾಲಿಗ್ರಾಮದ ಎರೆಮಣ್ಣಿಂದು. ಯಾರೋ ಪುಣ್ಯವಂತರು!"

"ಕಣ್ಣು ಬುಡಕ್ಕ," ಎನ್ನುತ್ತಾರೆ ಪ್ರಭುಸ್ವಾಮಿ. "ಅದು ನಿಂದೇ ಕಣಕ್ಕ."

ಹದಿನೆಂಟು ವರ್ಷದಲ್ಲಿ ಈ ಬಾಯಿ ತಪ್ಪಿದ್ದು ಇದೇ ಮೊದಲು. ಪುಟ್ಟಮಲ್ಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ತಮ್ಮ ಮೂಟೆಯನ್ನು ತಾವೇ ಒಳಕ್ಕೆ ಎಳೆದುಕೊಳ್ಳುತ್ತಾರೆ. ಇನ್ನೇನು ಆಸೆ ಎಂದು ಕೇಳಿದರೆ ತಿರುಗಿ ನೋಡಿ ನಗುತ್ತಾರೆ.

"ವರ್ಸಾ ವರ್ಸಾ ಇಂಗೇ ತಪ್ಲಿ ಕಣ್ರೀ."