ಉಸ್ತಾ ಬಯೂಮಿ ಕೂರಿಸಿದ ಹದ್ದು

ಕೈರೋದ ಸರ್ಕಾರಿ ಗಾರೆ ಕಾರ್ಯಾಗಾರದಲ್ಲಿ ಬಯೂಮಿಯೇ ಹಿರಿಯ ಕೆಲಸಗಾರ. ಎಲ್ಲರೂ ಅವನನ್ನು ಉಸ್ತಾ, ಅಂದರೆ ಮೇಸ್ತ್ರಿ, ಎಂದೇ ಕರೆಯುತ್ತಿದ್ದರು. ದೊರೆ ಹೋಗಿ ಕ್ರಾಂತಿ ಬಂದಾಗ ಸುಲ್ತಾನ್ ಸಲಾಹುದ್ದೀನನ ಹದ್ದು ರಾಷ್ಟ್ರಲಾಂಛನವಾಯಿತು; ಬಯೂಮಿ ಅದನ್ನು ಕಚೇರಿ ಕಚೇರಿಯ ನೆತ್ತಿಗೇರಿಸಿದ. ಆಮೇಲೆ ಅರಬರೆಲ್ಲ ಒಂದಾಗುವ ಹುರುಪಿನಲ್ಲಿ ಹದ್ದು ಇಳಿದು ಪ್ರವಾದಿಗಳ ಕುಲದ ಗಿಡುಗ ಏರಿತು. ಅರಬರು ಒಂದಾಗಲಿಲ್ಲ, ಗಿಡುಗ ಒಂದಷ್ಟು ವರ್ಷ ಇತ್ತು. ೧೯೮೪ರಲ್ಲಿ ಮತ್ತೆ ಹದ್ದೇ ಸರಿ ಎಂದು ಆಜ್ಞೆಯಾಯಿತು. ರೆಕ್ಕೆಗಳೆಲ್ಲ ಹಕ್ಕಿಗಳಿಗೆ, ಏಣಿ ಮಾತ್ರ ಬಯೂಮಿಗೆ.

ಅವನಿಗೆ ಸಾಕಾಗಿತ್ತು. ನಿವೃತ್ತಿಯ ವಯಸ್ಸೂ ಆಗಿತ್ತು. ಆದರೆ ನಿರ್ದೇಶಕ ರಿಫಾತ್ ಸಾಹೇಬರು, ಎಲ್ಲರ ಬಾಯಲ್ಲಿ ರಿಫಾತ್ ಬೇ, ಬಿಡಬೇಕಲ್ಲ.

"ಕೋರ್ಟಿನ ಹದ್ದು ಒಂದು ಮುಗಿಸಿಬಿಡು ಉಸ್ತಾ. ಅವತ್ತೇ ನಿನ್ನ ಬಿಡುಗಡೆ ಕಾಗದಕ್ಕೆ ರುಜು ಹಾಕ್ತೀನಿ."

ಮೈ, ರೆಕ್ಕೆ, ಬಾಲ ಅಚ್ಚಿನಿಂದ ಸಲೀಸಾಗಿ ಬಂದು ಕೋರ್ಟಿನ ನೆತ್ತಿಗೇರಿದವು. ತಲೆಯ ಹಳೇ ಅಚ್ಚು ಮಾತ್ರ ಪುಡಿಯಾಗಿ ಹೋಗಿತ್ತು, ಕೈಯಿಂದಲೇ ತಿದ್ದಬೇಕಿತ್ತು. ಅಚ್ಚು ಇದ್ದಷ್ಟು ದಿನ ಹದ್ದಿನ ಮುಖ ಹೇಗಿದೆ ಎಂದು ನೋಡುವ ಪ್ರಮೇಯ ಬಯೂಮಿಗೆ ಬಂದಿರಲಿಲ್ಲ. ಅವನು ದಿನಾ ನೋಡುತ್ತಿದ್ದದ್ದು ತನ್ನ ತಾರಸಿಯ ಗೂಡಿನ ಪಾರಿವಾಳಗಳನ್ನು. ಕೈ ತಾನಾಗಿ ಅವುಗಳ ಮುಖವನ್ನೇ ಮಾಡಿತು.

ರಿಫಾತ್ ಬೇ ಆ ತಲೆಯ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು.

"ಏನಿದು?"

"ಹದ್ದು, ಬೇ."

"ಹೊಟ್ಟೆಗೆ ಅಕ್ಕಿ ತುಂಬಿ ಒಲೆ ಮೇಲಿಟ್ಟರೆ ಇಬ್ಬರ ಊಟಕ್ಕಾಗುತ್ತೆ. ಇದು ಪಾರಿವಾಳ ಕಣಯ್ಯಾ."

ಇನ್ನೊಂದು ಮಾಡಿದ. ಅದೂ ಪಾರಿವಾಳವೇ, ಸ್ವಲ್ಪ ಸಿಟ್ಟಾಗಿತ್ತು ಅಷ್ಟೆ. ಮನೆಯಲ್ಲಿ ಹೆಂಡತಿ ಇನ್ಶಿರಾಹ್ ಬೀನ್ಸಿನ ಬಟ್ಟಲು ಮುಂದಿಟ್ಟು, "ಹದ್ದಿನ ಉಸ್ತಾ ಅಂತ ಬೀದಿ ತುಂಬಾ ಮೆರೀತಿದ್ದೆ. ಒಂದು ಮೂತಿ ಮಾಡಕ್ಕೆ ಬರಲ್ವಾ?" ಎಂದಳು.

"ನಿನ್ನ ಮೂತಿನೇ ಇಡ್ತೀನಿ. ಕಳ್ಳರು ಕೋರ್ಟಿನ ಹತ್ರ ಸುಳಿಯಲ್ಲ."

"ಇಡು. ನಾನಾದ್ರೂ ಮನೆ ಬಿಟ್ಟು ಹೊರಗೆ ಕೂತ ಹಾಗಾಗುತ್ತೆ."

ಕೊನೆಗೆ ರಿಫಾತ್ ಬೇ ಕಪ್ಪು ಕನ್ನಡಕ ಹಾಕಿಕೊಂಡು ಇಲಾಖೆಯ ಕಾರು ತರಿಸಿದರು. "ಲಾಂಛನ ಅಂದ್ರೆ ದೇಶದ ಮುಖ. ಸುಲ್ತಾನರ ಮೂಲ ಹದ್ದು ಕೋಟೆ ಗೋಡೆ ಮೇಲೇ ಇದೆ. ನಡಿ, ಅದನ್ನೇ ನೋಡಿ ಮಾಡು." ದಾರಿಯುದ್ದಕ್ಕೂ ಹದ್ದಿನ ದೃಷ್ಟಿ, ಹದ್ದಿನ ಶೌರ್ಯ ಎಂದು ಉಪನ್ಯಾಸ ನಡೆಯಿತು. ಬಯೂಮಿ ಹಿಂದಿನ ಸೀಟಿನಲ್ಲಿ ತೂಕಡಿಸಿದ.

ಕೋಟೆಯ ಕಲ್ಲಿನಲ್ಲಿ ಹದ್ದು ಇತ್ತು. ಅಗಲವಾದ ಎದೆ, ಬಿಚ್ಚಿದ ರೆಕ್ಕೆ. ಕತ್ತಿನ ಮೇಲೆ ಏನೂ ಇರಲಿಲ್ಲ.

"ತಲೆ ಎಲ್ಲಿ?" ರಿಫಾತ್ ಬೇ ಕಾವಲುಗಾರನನ್ನು ಗದರಿದರು, ಅವನೇ ಮನೆಗೆ ಒಯ್ದಿದ್ದಾನೇನೋ ಎಂಬಂತೆ.

"ನಮ್ಮಜ್ಜನ ಕಾಲದಲ್ಲೂ ಇರಲಿಲ್ಲ ಬೇ. ಮೊದಲು ಎರಡು ತಲೆ ಇತ್ತು ಅಂತಾನೂ ಹೇಳ್ತಾರೆ."

"ಎರಡಾ?"

"ಬೇ," ಎಂದ ಬಯೂಮಿ ಮೆಲ್ಲಗೆ, "ಒಂದಕ್ಕೇ ನನ್ನ ಕೈಲಾಗ್ತಿಲ್ಲ."

ರಿಫಾತ್ ಬೇ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ವಾಪಸು ಬಂದು ಕಾರ್ಯಾಗಾರದ ಬಾಗಿಲಲ್ಲಿ ಇಳಿಯುತ್ತಾ ಕೇಳಿದರು:

"ಆ ಮೊದಲನೇ ತಲೆ ಒಡೆದು ಹಾಕಿದ್ಯಾ?"

"ಇಲ್ಲ ಬೇ, ಇದೆ."

"ಅದನ್ನೇ ಕೂರಿಸು."

"ಪಾರಿವಾಳ ಅಂದ್ರಲ್ಲ?"

"ನಾನೆಲ್ಲಿ ಅಂದೆ? ಕೊಕ್ಕು ಚೂರು ಬಗ್ಗಿಸು ಅಂದೆ, ಅಷ್ಟೆ."

ಮಾರನೆಯ ಬೆಳಿಗ್ಗೆ ಬಯೂಮಿ ಕೋರ್ಟಿನ ಏಣಿ ಹತ್ತಿದ. ಕೆಳಗೆ ವಕೀಲರು, ಕಕ್ಷಿದಾರರು, ಬೇಡಿ ಹಾಕಿಸಿಕೊಂಡವರು ಬರುತ್ತಿದ್ದರು, ಹೋಗುತ್ತಿದ್ದರು. ಎಲ್ಲರ ಕಣ್ಣೂ ನೆಲದ ಮೇಲೆ. ತಲೆ ಕೂರಿಸಿ, ಸಂದಿಗೆ ಗಾರೆ ಮೆತ್ತಿ, "ನೆಟ್ಟಗಿದೆಯಾ ಬೇ?" ಎಂದು ಕೂಗಿದ.

"ಇದೆ, ಇದೆ. ಇಳಿ," ಎಂದರು ರಿಫಾತ್ ಬೇ, ಮೇಲೆ ನೋಡದೆ, ಕಾಗದಕ್ಕೆ ರುಜು ಹಾಕುತ್ತಾ.

ಬಯೂಮಿ ಒಂದೊಂದೇ ಮೆಟ್ಟಿಲು ಇಳಿದು ಬಂದು ಕಾಗದವನ್ನು ನಿಲುವಂಗಿಯ ಜೇಬಿಗಿಟ್ಟುಕೊಂಡ.

"ಹಕ್ಕಿ ಮತ್ತೆ ಬದಲಾದರೆ ಹೇಳಿ ಕಳಿಸ್ತೀನಿ ಉಸ್ತಾ."

"ನಾನು ಮನೇಲಿರಲ್ಲ ಬೇ," ಎಂದು ಹೇಳಿ ಬಯೂಮಿ ಬಸ್ಸಿನ ಕಡೆಗೆ ನಡೆದ.