ಕೆರೆಯ ಉಸುಕಿನಲ್ಲಿ ಸಿಕ್ಕದ್ದು

ಇವತ್ತು ಮನೆ ತುಂಬ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಿಕ್ಕುವ ವಾಸನೆ. ನನ್ನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ! ಎಷ್ಟೋ ವರ್ಷ ಕಾದ ಮೇಲೆ ಹುಟ್ಟಿದ ಕೂಸು. ನಾನಂತೂ ಹಿಗ್ಗಿ ಹೀರೇಕಾಯಿ ಆಗಿದ್ದೇನೆ. ಎರಡನೆಯ ಇಯತ್ತೆಗೇ ಶಾಲೆ ಬಿಟ್ಟ ಕೈ ನನ್ನದು, ಸಾಲು ಸೊಟ್ಟಗಾದರೆ ನಕ್ಕುಬಿಡಿ. ಆದರೆ ಆ ಹುಳಿ ವಾಸನೆ ಮೂಗಿಗೆ ಬಡಿದಾಗ, ಇಷ್ಟು ಹಿಗ್ಗಿನ ನಡುವೆಯೂ ಪಕ್ಕದ ಮನೆಯ ಮುಸಲ್ಮಾನ ಹೆಂಗಸು ನೆನಪಾದರು. ಚಿಕ್ಕಮ್ಮ ಎನ್ನುವ ಹಾಗೆ ನಾನು ಅವರನ್ನು ಖಾಲಾ ಎನ್ನುತ್ತಿದ್ದೆ.

ಆಗ ನಾನು ಬಸವಕಲ್ಯಾಣಕ್ಕೆ ಹೊಸದಾಗಿ ಮದುವೆಯಾಗಿ ಬಂದವಳು. ಖಾಲಾನ ಗಂಡ ಬಂಡಿ ಹೊಡೆಯುತ್ತಿದ್ದರು. ನಿಜಾಮರ ಆಳ್ವಿಕೆ ಮುಗಿದ ಆ ಮಳೆಗಾಲದ ಗದ್ದಲದಲ್ಲಿ, ಹುಮನಾಬಾದಿನಲ್ಲಿ ಒಬ್ಬಳೇ ಇದ್ದ ತಮ್ಮ ತಂಗಿಯನ್ನು ಕರೆತರಲು ಅವರು ನಸುಕಿನಲ್ಲೇ ಬಂಡಿ ಕಟ್ಟಿದರು. ದಾರಿಯಲ್ಲಿ ಮುಸಲ್ಮಾನರನ್ನು ಹುಡುಕಿ ಹೊಡೆಯುತ್ತಿದ್ದವರಿಗೆ ಸಪ್ಪಳ ಕೇಳಬಾರದೆಂದು ಖಾಲಾ ತಮ್ಮ ಹಳೆಯ ಹಸಿರು ಸೀರೆ ಹರಿದು, ಎರಡೂ ಎತ್ತುಗಳ ಕೊರಳ ಗಂಟೆಯ ಬಾಯಿಗೆ ತುರುಕಿದರು. ಕಂದೀಲು ಹಿಡಿದವಳು ನಾನೇ.

ಅವರು ಹುಮನಾಬಾದು ಮುಟ್ಟಲೇ ಇಲ್ಲ. ಕೆಲವು ದಿನಗಳ ಮೇಲೆ ಒಂದು ಎತ್ತು ಮಾತ್ರ ತಾನಾಗಿ ಮನೆಗೆ ಬಂತು. ಕೊರಳಲ್ಲಿ ಗಂಟೆ ಇರಲಿಲ್ಲ, ಹೊಟ್ಟೆಯವರೆಗೆ ಕೆಸರು ಒಣಗಿತ್ತು. ಓಣಿಯವರೆಲ್ಲ ಒಳಗೊಳಗೇ ತಿಳಿದುಕೊಂಡರು. ಖಾಲಾ ಮಾತ್ರ, "ಹೈದರಾಬಾದಿಗೆ ಹೋಗ್ಯಾರ. ಬರ್ತಾರ" ಎನ್ನುತ್ತಿದ್ದರು. ಬಳೆ ತೆಗೆಯಲಿಲ್ಲ. ಗಂಡ ಸತ್ತವರು ಮನೆಯೊಳಗೆ ಕೂರುವ ಇದ್ದತ್ತಿಗೂ ಕೂರಲಿಲ್ಲ. ಯಾರಾದರೂ ಆ ಮಾತು ತೆಗೆದರೆ ಎದ್ದು ಹೋಗುತ್ತಿದ್ದರು.

ಮುಂದಿನ ಬೇಸಿಗೆಯಲ್ಲಿ ನಮ್ಮೂರ ಕೆರೆಯ ನೀರು ಹಿಂದೆ ಸರಿಯಿತು. ಅರಿವೆ ಒಗೆಯಲು ಹೋದಾಗ ದಂಡೆಯ ಉಸುಕಿನಲ್ಲಿ ನನ್ನ ಹೆಬ್ಬೆರಳಿಗೆ ಏನೋ ಬಡಿಯಿತು. ಮುಷ್ಟಿಗಿಂತ ದೊಡ್ಡದು, ಮೇಲೆಲ್ಲ ಕೆಸರು ಗಟ್ಟಿಯಾಗಿ ಕಲ್ಲಿನಂತೆ ಕಾಣುತ್ತಿತ್ತು. ಎತ್ತಿದರೆ ಲೋಹದ ಭಾರ. ಸುತ್ತಲ ಉಸುಕು ಕಾಲು ಸುಡುತ್ತಿದ್ದರೂ ಅದೊಂದು ಮಾತ್ರ ಬಾವಿಯ ತಳದಷ್ಟು ತಣ್ಣಗಿತ್ತು...

ಮನೆಗೆ ತಂದರೆ ಅತ್ತೆ ಹೌಹಾರಿದರು.

"ಏ ಪೋರಿ, ಕಿಲ್ಲೇದಾಗಿನ ತೋಪಿನ ಗುಂಡು ಅದ ಅದು! ಒಲಿ ಮುಂದ ಇಡಬ್ಯಾಡ, ಮನಿ ಹಾರ್ತದ!"

ಗೋಡೆಯಾಚೆಯಿಂದ ಇಣುಕಿದ ಖಾಲಾ ನಕ್ಕರು. "ನಿಮ್ಮ ಬಾಯಿಗಿಂತ ದೊಡ್ಡ ತೋಪು ಯಾವ ಕಿಲ್ಲೇದಾಗ ಅದರಿ ಅಕ್ಕಾ? ಇಕಡಿ ತಾ ಬೇಟಿ. ಯಾರದರ ತಂಬಿಗಿ ಇರಬೇಕು, ಹುಣಸಿಹಣ್ಣು ಹಚ್ಚಿ ತಿಕ್ಕು."

ಅವರ ಅಂಗಳದಲ್ಲೇ ಕುಳಿತು ತಿಕ್ಕಿದೆ. ಕೆಸರು ಹೆಂಟೆ ಹೆಂಟೆಯಾಗಿ ಉದುರಿತು. ಹಿತ್ತಾಳೆ ಕಂಡಿತು, ಮೇಲೆ ಹಗ್ಗ ಪೋಣಿಸುವ ಕಿವಿ, ಕೆಳಗೆ ಅಗಲವಾದ ಬಾಯಿ. ಬಾಯೊಳಗೆ ಬೆರಳು ಹಾಕಿದೆ. ಬಟ್ಟೆ. ಹೊರಗೆ ಕರ್ರಗಾಗಿತ್ತು, ಮಡಿಕೆಯೊಳಗೆ ಇನ್ನೂ ಹಸಿರು ಉಳಿದಿತ್ತು.

ನನ್ನ ಕೈ ನಿಂತಿತು. ಖಾಲಾನೂ ನೋಡಿದರು.

"ನಮ್ದಲ್ಲ," ಎಂದರು. "ಗಂಟಿಗೆ ಬಟ್ಟಿ ತುರುಕಿದವರು ನಾವೊಬ್ಬರೇ ಏನು?"

"ಹೌದ್ರಿ ಖಾಲಾ. ಬ್ಯಾರೆದವರದು ಇರಬೇಕು."

"ಬಟ್ಟಿ ತೆಗಿ. ನಮ್ಮ ಗಂಟಿ ದನಿ ನನಗ ಗೊತ್ತದ."

ಎಳೆದೆ. ಕಬ್ಬಿಣದ ನಾಲಗೆ ಒಂದು ಸಲ ತೂಗಿ ಬಡಿಯಿತು.

ಮೂಲೆಯಲ್ಲಿ ಮಲಗಿ ಮೆಲುಕು ಹಾಕುತ್ತಿದ್ದ ಎತ್ತು ಎದ್ದು ನಿಂತಿತು. ತನ್ನ ಜೋಡಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿಯಿತು. ಆಮೇಲೆ, ಯಜಮಾನ ನೊಗ ಎತ್ತಿದಾಗ ಮಾಡುವ ಹಾಗೆ, ಮೆಲ್ಲಗೆ ಕೊರಳು ತಗ್ಗಿಸಿತು. ಅಂಗಳದಲ್ಲಿ ನಾವಿಬ್ಬರು ಹೆಂಗಸರ ಹೊರತು ಯಾರೂ ಇರಲಿಲ್ಲ. ಅದರ ಕಣ್ಣು ತೆರೆದ ಬಾಗಿಲ ಕಡೆ ಇತ್ತು. ಹೊರಗೆ ಹಾಡುಹಗಲು, ಬಿಳಿ ಬಿಸಿಲು. ಆದರೂ ಕೆರೆಯ ತಳದ ತಂಪು ವಾಸನೆ ಒಳಗೆ ನಡೆದು ಬಂದಂತಾಯಿತು... ಗಂಟೆಯಿಂದಲೇ ಬಂತೋ ಏನೋ, ನನಗೆ ಇವತ್ತಿಗೂ ತಿಳಿಯದು.

ಖಾಲಾ ತಲೆಯ ಮೇಲೆ ಸೆರಗು ಎಳೆದುಕೊಂಡರು, ಗಂಡ ಮನೆಗೆ ಬಂದಾಗ ಎಳೆದುಕೊಳ್ಳುತ್ತಿದ್ದ ಹಾಗೆಯೇ. ಬಹಳ ಹೊತ್ತು ಬಾಗಿಲನ್ನೇ ನೋಡಿದರು.

"ಇಷ್ಟು ಹತ್ತಿರ ಇದ್ರೇನ್ರಿ?" ಎಂದರು.

ನನ್ನನ್ನಲ್ಲ ಕೇಳಿದ್ದು.

ಆಮೇಲೆ ಅಲ್ಲೇ ಕುಳಿತು, ಒಂದನ್ನೂ ಒಡೆಯದೆ, ಬಳೆಗಳನ್ನು ತೆಗೆದಿಟ್ಟರು. ಇದ್ದತ್ತು ಮುಗಿದ ಮೇಲೆ, ಅಣ್ಣನಿಗಾಗಿ ಇನ್ನೂ ಕಾಯುತ್ತಿದ್ದ ನಾದಿನಿಗೆ ತಾವೇ ಹೇಳಬೇಕೆಂದು ಎತ್ತು ಹಿಡಿದುಕೊಂಡು ಹುಮನಾಬಾದಿಗೆ ಹೊರಟರು. ಆಗ ನಾನು ಬಸುರಿ. ನನ್ನ ತಲೆಯ ಮೇಲೆ ಕೈಯಿಟ್ಟು, "ಕೂಸು ಹುಟ್ಟಿದ್ರ ಹೇಳಿ ಕಳಸು ಬೇಟಿ, ಬರ್ತೀನಿ" ಎಂದರು.

ಹೇಳಿ ಕಳಿಸಿದೆ. ಹೋದವನು ಬೆಲ್ಲದ ಪೊಟ್ಟಣವನ್ನು ಹಾಗೆಯೇ ಹಿಂದಕ್ಕೆ ತಂದ. ಆ ಮನೆಗೆ ಬೀಗ ಬಿದ್ದಿತ್ತಂತೆ. ನಾದಿನಿ, ಅತ್ತಿಗೆ ಇಬ್ಬರೂ ಎಲ್ಲಿಗೆ ಹೋದರೆಂದು ನೆರೆಯವರಿಗೂ ಗೊತ್ತಿರಲಿಲ್ಲವಂತೆ...

ಆಗ ಹುಟ್ಟಿದ ಮಗನೇ ಇವತ್ತು ಅಪ್ಪನಾಗಿ ಹೊಸ ಅಂಗಿ ತೊಟ್ಟು ಓಡಾಡುತ್ತಿದ್ದಾನೆ. ಈಗಷ್ಟೇ ಬಂದು ಕೇಳಿದ, "ಯವ್ವಾ, ಘಾಟಬೋರಾಳದವರಿಗೆ ಹೇಳೀವಿ, ಹಳ್ಳಿಖೇಡದವರಿಗೆ ಹೇಳೀವಿ. ಮತ್ತ ಯಾರರ ಉಳದಾರೇನು?"

ಹುಮನಾಬಾದಿನಲ್ಲಿ ಒಬ್ಬರು ಇದ್ದಾರೆ ಎನ್ನಲು ಬಾಯಿ ತೆರೆದೆ.

"ಇಲ್ಲಪ್ಪಾ, ಎಲ್ಲಾರಿಗೂ ಹೇಳಿದಂಗಾತು," ಎಂದೆ.