ರೊಪ್ಪದ ಕಂಡಿ

ಹರಿಯಬ್ಬೆ ಕಡೆಯ ಕುರಿಗಾರರಲ್ಲಿ ಒಂದು ಪದ್ಧತಿಯಿದೆ. ಕುರಿ ಕೂಡುವ ರೊಪ್ಪದ ಮುಳ್ಳುಬೇಲಿಯಲ್ಲಿ ಕಂಡಿ ಬಿದ್ದದ್ದನ್ನು ನೋಡಿದವರು, ಕುರಿ ಯಾರದೇ ಆಗಿರಲಿ, ಮೊದಲು ರೊಪ್ಪದವನನ್ನು ಕೂಗಬೇಕು. ಅವನು ಏಳದಿದ್ದರೆ ಊರನ್ನೇ ಕೂಗಬೇಕು. ನೀನ್ಯಾಕೆ ಅಲ್ಲಿ ಇಣುಕಿದೆ ಎಂದು ಯಾರೂ ಕೇಳುವುದಿಲ್ಲ.

ಉಗ್ರಪ್ಪನ ಮಗಳು ಕೀರ್ತನಾ ಬೆಳೆದದ್ದು ಅಂಥ ರೊಪ್ಪದ ಪಕ್ಕದಲ್ಲೇ. ಈಗ ಹಿರಿಯೂರಿನಲ್ಲಿ ಕಂಪ್ಯೂಟರ್ ಕಲಿಸುವ ಅವಳಿಗೆ, ಕುರಿ ಮಾರಲು ಅಪ್ಪ ಬಳಸುತ್ತಿದ್ದ ಆ್ಯಪ್‌ನಲ್ಲಿ ದೊಡ್ಡದೊಂದು ದೋಷ ಸಿಕ್ಕಿತು. ಪಾಸ್‌ವರ್ಡ್ ಇಲ್ಲದೆಯೇ ಯಾರ ಕುರಿಯನ್ನಾದರೂ ಯಾರ ಹೆಸರಿಗಾದರೂ ವರ್ಗಾಯಿಸಬಹುದಿತ್ತು. ಪರೀಕ್ಷೆಗೆಂದು ಅವಳು ಮುಟ್ಟಿದ್ದು ಅಪ್ಪನದೇ ಒಂದು ಟಗರನ್ನು. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಅಜ್ಜಿ ಕಾಟಮ್ಮನ ಹೆಸರಿಗೆ ಹೋಯಿತು. ಕೂಡಲೇ ಕಂಪನಿಗೆ ಎಲ್ಲವನ್ನೂ ವಿವರಿಸಿ ಬರೆದಳು. ಮತ್ತೆ ಮತ್ತೆ ಬರೆದಳು. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಕೊನೆಗೆ ಕುರಿಗಾರರ ಸಭೆಯಲ್ಲಿ ಆ್ಯಪ್ ಹೊಗಳಲು ಬಂದ ಕಂಪನಿಯ ಮ್ಯಾನೇಜರ್, ಅಪ್ಪನೊಂದಿಗೆ ಬಂದಿದ್ದ ಅವಳನ್ನು ಪಕ್ಕಕ್ಕೆ ಕರೆದ.

"ನಮ್ಮ ಆ್ಯಪ್ ಒಳಗೆ ಇಣುಕಿದ್ದೇ ನಿನ್ನ ತಪ್ಪು. ಬಾಯಿ ಬಿಟ್ಟರೆ ಪೊಲೀಸ್ ಕಂಪ್ಲೇಂಟ್ ಕೊಡ್ತೀವಿ."

ಉಗ್ರಪ್ಪ ಹೆದರಿ ಮಗಳ ಕೈ ಹಿಡಿದ. "ಬ್ಯಾಡ ಕಣವ್ವ, ಹೋಗಾಣ ನಡಿ."

ಕೀರ್ತನಾ ಮ್ಯಾನೇಜರ್ ಕಡೆ ತಿರುಗಿದಳು. "ಕಂಡಿ ಬಿಟ್ಟೋರು ನೀವು, ಕಳ್ಳಿ ನಾನಾ?" ಎಂದವಳೇ ಅಪ್ಪನ ಕೈ ಬಿಡಿಸಿಕೊಂಡು ವೇದಿಕೆ ಹತ್ತಿ ಮೈಕ್ ಹಿಡಿದಳು.

"ಎಲ್ಲಾರೂ ಕೇಳ್ರಿ! ಈ ಆ್ಯಪಿನ ಬೇಲೀಲಿ ಕಂಡಿ ಐತೆ. ರೊಪ್ಪದೋರ್ನ ಗಂಟ್ಲು ಹರಿಯಂಗೆ ಕೂಗಿದೆ, ಏಳ್ಲಿಲ್ಲ. ಈಗ ಊರ್ನ ಕೂಗ್ತಿದೀನಿ."